ಹಿಂದಿನ ಗೇಟಿನ ಅಧ್ಯಯನ

ಬಿಳಿ ಹಲಗೆಯ ಮೇಲೆ ತನ್ನದೇ ಮಾತು ಕಂಡು ಮಹಡಿಯಮ್ಮನ ಕೈಯ ಒದ್ದೆ ಬಟ್ಟೆ ಅರ್ಧದಲ್ಲೇ ನಿಂತಿತು.

'ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ಅರ್ಧ ಗಂಟೆ ಹಿಂದಿನ ಗೇಟು ತೆಗೆಸಿಕೊಡಬೇಕಾಗಿ ಬೇಡಿಕೊಳ್ಳುತ್ತೇನೆ.' ಒಂಬತ್ತು ದಿನದ ಹಿಂದೆ ಅವಳೇ ಅಡುಗೆಮನೆಯ ನೆಲದ ಮೇಲೆ ಕೂತು, ಎರಡು ಹಾಳೆ ಹಾಳುಮಾಡಿ, ಮೂರನೆಯದರಲ್ಲಿ ಆಡಳಿತಾಧಿಕಾರಿಗೆ ಬರೆದ ಅರ್ಜಿಯ ಸಾಲು ಅದು. ಈಗ ನೀಲಿ ಶಾಯಿಯಲ್ಲಿ ಹಲಗೆ ಏರಿ ಕೂತಿತ್ತು. 'ಬೇಡಿಕೊಳ್ಳುತ್ತೇನೆ' ಎಂಬುದರ ಸುತ್ತ ಕೆಂಪು ವೃತ್ತ. ಆ ವೃತ್ತದಿಂದ ಹೊರಟ ಬಾಣ 'ಅಧಿಕಾರ ಸಂಬಂಧ' ಎಂಬಲ್ಲಿಗೆ ಹೋಗಿ ಮುಟ್ಟಿತ್ತು, ಅಲ್ಲಿಂದ ಇನ್ನೊಂದು ಬಾಣ 'ಭದ್ರತೆಯೋ ಪ್ರವೇಶವೋ' ಎಂಬಲ್ಲಿಗೆ. ಬಾಣ ಬಿಟ್ಟವರು ಬಿಟ್ಟು ಮನೆಗೆ ಹೋಗಿದ್ದರು. ಹಲಗೆಯ ಕೆಳಮೂಲೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: 'ದಯವಿಟ್ಟು ಒರೆಸಬೇಡಿ.'

ಒರೆಸುವುದೇ ಅವಳ ಕೆಲಸ. ಎರಡನೇ ಮಹಡಿಯ ಆರು ತರಗತಿ, ಎರಡು ಶೌಚಾಲಯ, ಒಂದು ಉದ್ದನೆಯ ಓಣಿ ಹನ್ನೊಂದು ವರ್ಷದಿಂದ ಅವಳ ಪಾಲಿಗೆ ಬಂದದ್ದರಿಂದಲೇ ಎಲ್ಲರ ಬಾಯಲ್ಲೂ ಅವಳು ಮಹಡಿಯಮ್ಮ. ಹನ್ನೊಂದು ವರ್ಷದಲ್ಲಿ ಎಷ್ಟೋ ಹಲಗೆ ಒರೆಸಿದ್ದಳು. ಬಡತನ ಒರೆಸಿದ್ದಳು, ನೀರಿನ ಹಂಚಿಕೆ ಒರೆಸಿದ್ದಳು, ಒಂದು ಸಲ ಇಡೀ ಆರೋಗ್ಯ ಇಲಾಖೆಯನ್ನೇ ಎರಡು ನಿಮಿಷದಲ್ಲಿ ಒರೆಸಿ ಬಟ್ಟೆ ಹಿಂಡಿದ್ದಳು. ತನ್ನ ಗೇಟನ್ನು ಮಾತ್ರ ಒರೆಸುವ ಹಾಗಿರಲಿಲ್ಲ.

ಅದು ವಿಶ್ವವಿದ್ಯಾಲಯದ ಸಾರ್ವಜನಿಕ ನೀತಿ ಮತ್ತು ಆಡಳಿತ ಶಾಲೆ. ಡಿಗ್ರಿ ಮುಗಿಸಿದವರಿಗೆ ಆಳುವುದು ಹೇಗೆಂದು ಎರಡು ವರ್ಷ ಕಲಿಸುವ ಜಾಗ. ಇಲ್ಲಿ ಕೂತು ಎದ್ದವರು ಮುಂದೆ ಇಲಾಖೆಗಳಲ್ಲಿ, ಆಯೋಗಗಳಲ್ಲಿ, ಸಲಹಾ ಮಂಡಳಿಗಳಲ್ಲಿ ಕೂರುತ್ತಾರೆ, ಒಟ್ಟಿನಲ್ಲಿ ಕೂರುತ್ತಾರೆ. ಎರಡನೇ ಮಹಡಿಯ ಶೌಚಾಲಯದಲ್ಲಿ ಒಂದು ನಲ್ಲಿ ಎರಡು ವರ್ಷದಿಂದ ಸೋರುತ್ತಿತ್ತು. ಅದರ ಎದುರಿನ ಗೋಡೆಯ ಮೇಲೆ 'ಸೇವೆ ಒದಗಿಸುವ ಆರು ಹೆಜ್ಜೆಗಳು' ಎಂಬ ಚಂದದ ಚಿತ್ರಪಟವಿತ್ತು. ಏಳನೆಯ ಹೆಜ್ಜೆಯಾಗಿ ಮಹಡಿಯಮ್ಮ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟಿದ್ದಳು.

ಗೇಟಿನ ಕತೆಯೂ ಅಷ್ಟೇ ಅಂದವಾದದ್ದು. ಬಸ್ಸು ನಿಲ್ಲುವುದು ಹಿಂದಿನ ಗೇಟಿನ ಮುಂದೆ. ಇಳಿದು ಒಳಗೆ ಬಂದರೆ ಎರಡು ನಿಮಿಷಕ್ಕೆ ಕಟ್ಟಡ. ನಾಲ್ಕು ತಿಂಗಳ ಹಿಂದೆ ಯಾರೋ ಮಂತ್ರಿ ಭಾಷಣಕ್ಕೆ ಬರುತ್ತಾರೆಂದು ಆ ಗೇಟನ್ನು ಒಂದು ದಿನದ ಮಟ್ಟಿಗೆ ಮುಚ್ಚಿದರು. ಮಂತ್ರಿ ಬರಲಿಲ್ಲ. ಗೇಟು ಮಾತ್ರ ಮುಚ್ಚಿಯೇ ಇತ್ತು. ಮುಚ್ಚಲು ಆದೇಶವಿತ್ತು, ತೆಗೆಯಲು ಆದೇಶವಿರಲಿಲ್ಲ. ಹೀಗಾಗಿ ಬಸ್ಸಿಳಿದ ಹದಿನಾರು ಜನ ಕೆಲಸದವರು ಇಡೀ ಆವರಣದ ಗೋಡೆ ಸುತ್ತಿ ಮುಂಬಾಗಿಲಿಗೆ ಹೋಗಬೇಕು. ಇಪ್ಪತ್ತೈದು ನಿಮಿಷ, ಅದೂ ಮಂಡಿ ನೆಟ್ಟಗಿದ್ದರೆ.

ಬಸ್ಸು ಬರುವುದು ಆರೂವರೆ ದಾಟಿದ ಮೇಲೆ. ಮೇಲ್ವಿಚಾರಕ ಸರಿಯಾಗಿ ಏಳಕ್ಕೆ ಹಾಜರಿ ಪುಸ್ತಕದಲ್ಲಿ ಕೊನೆಯ ಸಹಿಯ ಕೆಳಗೆ ಕೆಂಪು ಗೆರೆ ಎಳೆಯುತ್ತಾನೆ. ಗೆರೆಯ ಕೆಳಗೆ ಸಹಿ ಬಿದ್ದರೆ ತಡ. ಆರು ತಿಂಗಳಲ್ಲಿ ಮೂರು ಸಲ ತಡವಾದರೆ ಗುತ್ತಿಗೆ ರದ್ದು, ಮನೆಗೆ ಹೋಗು. ಬಸ್ಸು ಹೊತ್ತಿಗೆ ಬಂದ ದಿನ ಮಹಡಿಯಮ್ಮ ಏದುಸಿರು ಬಿಡುತ್ತಾ ಗೆರೆಯ ಮೇಲೆ ಸಹಿ ಹಾಕುತ್ತಿದ್ದಳು. ಅದು ಮೂರು ನಿಮಿಷ ತಡವಾಗಿ ಬಂದ ಎರಡು ದಿನ ಗೆರೆಯ ಕೆಳಗೆ ಬಿದ್ದಿದ್ದಳು. ಉಳಿದದ್ದು ಒಂದೇ.

ಅದಕ್ಕಿಂತ ಮುಂಚಿನ ಬಸ್ಸು ಹಿಡಿಯಬಾರದೇ ಎಂದರೆ, ಮನೆಯಲ್ಲಿ ಅತ್ತೆ ಇದ್ದಳು. ಎಂಬತ್ತು ದಾಟಿದ್ದಳು, ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ಅವಳನ್ನು ಎಬ್ಬಿಸಿ, ತೊಳೆಸಿ, ಕೂರಿಸಿ, ಪಕ್ಕದ ಮನೆಯ ನರ್ಸಮ್ಮ ಪಾಳಿ ಮುಗಿಸಿ ಆರಕ್ಕೆ ಬಂದ ಮೇಲೆ ಅವಳ ಕೈಗೆ ಒಪ್ಪಿಸಿಯೇ ಹೊರಡಬೇಕು. ಆ ಸಂಬಳ ನಿಂತರೆ ಅತ್ತೆ ಸೊಸೆ ಇಬ್ಬರಿಗೂ ಬೇರೆ ಗತಿಯಿರಲಿಲ್ಲ.

ಹಲಗೆಯ ಮೇಲೆ ಅರ್ಜಿ ಕಂಡ ದಿನವೇ ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಆಡಳಿತಾಧಿಕಾರಿಯ ಕೋಣೆಗೆ ಹೋದಳು. ಅಧಿಕಾರಿ ನಿವೃತ್ತಿಗೆ ಹತ್ತಿರದವನು. ಕುರ್ಚಿಯಲ್ಲಿ ಕೂತರೆ ಕುರ್ಚಿಯೇ ನಿಟ್ಟುಸಿರು ಬಿಟ್ಟಂತೆ ಕೇಳುತ್ತಿತ್ತು.

"ಅರ್ಜಿ ಪ್ರೊಫೆಸರ್ ಹತ್ರ ಹೋಗಿದೆಯಮ್ಮ," ಎಂದ. "ಪಾಠಕ್ಕೆ ಒಂದು ನಿಜವಾದ ಅರ್ಜಿ ಕೊಡಿ ಅಂದ್ರು. ಗುಮಾಸ್ತ ಮೇಲಿದ್ದದ್ದು ಎತ್ತಿ ಕೊಟ್ಟಿದ್ದಾನೆ."

"ಪಾಠ ಆಯ್ತಲ್ಲ ಸಾರ್. ಇನ್ನು ವಾಪಸ್ ತರಿಸಿ ಸಹಿ ಹಾಕಿ."

"ಹಾಕ್ತೀನಿ. ನಂದೇನೂ ಅಡ್ಡಿಯಿಲ್ಲ. ಅವರನ್ನ ಒಂದು ಮಾತು ಕೇಳಿ ಹಾಕ್ತೀನಿ."

ಆ ಒಂದು ಮಾತು ಕೇಳಿದ್ದೇ ಕೇಡಾಯಿತು.

ಪ್ರೊಫೆಸರನಿಗೆ ಕೆಲಸದವರು ಇಟ್ಟ ಹೆಸರು ಪುರಾವೆ ಮೇಷ್ಟ್ರು. ಲೋಕದಲ್ಲಿ ಯಾರು ಏನೇ ಹೇಳಲಿ, "ಅದಕ್ಕೆ ಪುರಾವೆ ಏನು?" ಎಂದು ಕೇಳುವುದು ಅವನ ಉಸಿರಾಟದಷ್ಟೇ ಸಹಜವಾಗಿತ್ತು. ಚಹಾ ಬಿಸಿಯಿದೆ ಎಂದರೂ ಕೇಳುತ್ತಾನೆ ಎಂದು ಕ್ಯಾಂಟೀನಿನವರು ಆಡಿಕೊಳ್ಳುತ್ತಿದ್ದರು. ಅವನು ಅಧಿಕಾರಿಯ ಕೋಣೆಗೆ ಬಂದಾಗ ಮಹಡಿಯಮ್ಮ ಬಾಗಿಲಲ್ಲೇ ಇದ್ದಳು. ಅವಳನ್ನು ದಾಟಿಕೊಂಡು ಒಳಗೆ ಹೋಗಿ ಅವಳ ವಿಷಯವನ್ನೇ ಮಾತಾಡಿದ.

"ದಯವಿಟ್ಟು ಈಗಲೇ ತೆಗೆಯಬೇಡಿ. ಇಂಥ ಸಂದರ್ಭ ಸಿಗೋದೇ ಅಪರೂಪ. ಗೇಟು ತೆಗೆದ್ರೆ ಹಾಜರಿ ಸುಧಾರಿಸುತ್ತೆ ಅನ್ನೋದಕ್ಕೆ ಪುರಾವೆ ಎಲ್ಲಿದೆ?"

"ಬಸ್ಸು ಅಲ್ಲೇ ನಿಲ್ಲುತ್ತೆ ಸಾರ್," ಎಂದಳು ಮಹಡಿಯಮ್ಮ ಬಾಗಿಲಿನಿಂದ.

ಮೇಷ್ಟ್ರು ಅವಳ ಕಡೆ ತಿರುಗಿ ಮಗುವಿಗೆ ನಗುವಂತೆ ನಕ್ಕ. "ಅದು ಅನಿಸಿಕೆ ಅಮ್ಮ. ಪುರಾವೆ ಬೇರೆ."

ಸೆಮಿಸ್ಟರ್ ಮುಗಿಯುವವರೆಗೆ ಒಂದು ಅಧ್ಯಯನ ಎಂದು ತೀರ್ಮಾನವಾಯಿತು. ಹದಿನಾರು ಜನರಲ್ಲಿ ಎಂಟು ಜನರಿಗೆ ಗೇಟು ತೆಗೆಯುವುದು, ಎಂಟು ಜನರಿಗೆ ತೆಗೆಯದಿರುವುದು. ಎಂಟು ವಾರವಾದ ಮೇಲೆ ಇವರೂ ಅವರೂ ಬಂದ ಹೊತ್ತನ್ನು ಪಕ್ಕಪಕ್ಕ ಇಟ್ಟು ನೋಡುವುದು. ಯಾರಿಗೆ ಗೇಟು ಎಂಬುದು ಚೀಟಿ ಎತ್ತಿ ನಿರ್ಧಾರ. ಯಾಕೆಂದರೆ ಚೀಟಿ ಎತ್ತಿದರೆ ಅನ್ಯಾಯವಿಲ್ಲವಂತೆ. ಎಂಟು ಜನಕ್ಕೆ ಸುಮ್ಮನೆ ಗೋಡೆ ಸುತ್ತಿಸುವುದು ಯಾವ ಲೆಕ್ಕದಲ್ಲಿ ನ್ಯಾಯ ಎಂದು ಮೇಷ್ಟ್ರ ತರಗತಿಯ ಇಪ್ಪತ್ತೆರಡು ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೇಳಲಿಲ್ಲ. ನ್ಯಾಯದ ಪಾಠ ಅವರಿಗೆ ಮುಂದಿನ ಸೆಮಿಸ್ಟರಿನಲ್ಲಿತ್ತು.

ಚೀಟಿಯ ಡಬ್ಬಿ ಹಿಡಿದು ಬಂದವಳು ಕನ್ನಡಕದ ವಿದ್ಯಾರ್ಥಿನಿ. ಒಳ್ಳೆಯ ಹುಡುಗಿ; ಎಲ್ಲರನ್ನೂ ಅಮ್ಮ ಎನ್ನುತ್ತಿದ್ದಳು, ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದಳು. ಮೆಟ್ಟಿಲು ಗುಡಿಸುವ ಮೆಟ್ಟಿಲಕ್ಕನಿಗೆ ಹಸಿರು ಚೀಟಿ ಬಂತು. ಮಹಡಿಯಮ್ಮನಿಗೆ ಹಳದಿ.

"ಹಳದಿ ಅಂದ್ರೆ?"

"ನೀವು ಹೋಲಿಕೆಯ ಗುಂಪು ಅಮ್ಮ. ಅಂದ್ರೆ ನಿಮಗೆ ಏನೂ ಬದಲಾಗಲ್ಲ."

"ಅದು ಚೀಟಿ ಎತ್ತದೇನೇ ಗೊತ್ತಿತ್ತು," ಎಂದಳು ಮಹಡಿಯಮ್ಮ.

"ನನ್ನ ಹಸಿರು ಚೀಟಿ ಅಕ್ಕನಿಗೆ ಕೊಡ್ತೀನಿ," ಎಂದಳು ಮೆಟ್ಟಿಲಕ್ಕ. "ನನ್ನ ಮಂಡಿ ಗಟ್ಟಿಯಿದೆ."

ಹುಡುಗಿ ಗಾಬರಿಯಾದಳು. "ಬೇಡ, ಬೇಡ. ಹಾಗೆ ಬದಲಾಯಿಸ್ಕೊಂಡ್ರೆ ಅಧ್ಯಯನ ಕೆಟ್ಟುಹೋಗುತ್ತೆ."

"ಮಂಡಿ ಕೆಟ್ಟರೆ ಪರವಾಗಿಲ್ವೇನಮ್ಮ?"

ಹುಡುಗಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಸೋಮವಾರ ಗೇಟಿಗೆ ಹಸಿರು, ಹಳದಿಯವರ ಎರಡು ಹೆಸರುಪಟ್ಟಿ ಅಂಟಿಸಿದರು. ಗೇಟು ಮುಚ್ಚಿದ ನಾಲ್ಕು ತಿಂಗಳೂ ಅಲ್ಲೊಬ್ಬ ಕಾವಲುಗಾರ ಕುರ್ಚಿ ಹಾಕಿ ಕೂತೇ ಇದ್ದ, ಬೀಗ ಓಡಿಹೋಗದ ಹಾಗೆ. ಈಗ ಅವನಿಗೂ ಒಂದು ಕೆಲಸ ಬಂತು. ಹಸಿರಿನವರು ಬಂದರೆ ಬಾಗಿಲು ಅರ್ಧ ತೆಗೆಯುವುದು, ಹಳದಿಯವರು ಬಂದರೆ ಕೈ ಅಡ್ಡ ಹಿಡಿಯುವುದು.

"ಒಂದು ಹೆಜ್ಜೆ ಒಳಗೆ ಬಿಡೋ, ಯಾರು ನೋಡ್ತಾರೆ?" ಎಂದಳು ಮಹಡಿಯಮ್ಮ ಮೊದಲ ದಿನ.

"ಅಯ್ಯೋ ಅಕ್ಕ, ನಿಮ್ಮನ್ನ ಬಿಟ್ರೆ ಪುರಾವೆ ಹಾಳಾಗುತ್ತಂತೆ. ಪುರಾವೆ ಹಾಳಾದ್ರೆ ನನ್ನ ಕೆಲಸ ಹೋಗುತ್ತಂತೆ." ಅವನ ಮುಖ ಸಣ್ಣಗಾಗಿತ್ತು. "ಪುರಾವೆ ಅಂದ್ರೆ ಏನಕ್ಕ? ಏನಾದ್ರೂ ಬೆಲೆಬಾಳೋ ಸಾಮಾನಾ?"

"ಅವರ ಹತ್ರ ಇಲ್ಲದ ಸಾಮಾನು," ಎಂದು ಅವಳು ಗೋಡೆ ಸುತ್ತಲು ಹೊರಟಳು.

ಆ ಸಂಜೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ ನಡೆದದ್ದನ್ನೆಲ್ಲ ಹೇಳಿದಳು. ಮುದುಕಿಗೆ ಕಣ್ಣಿಲ್ಲದಿದ್ದರೂ ನಾಲಿಗೆ ಹರಿತವಾಗಿತ್ತು.

"ಒಂದೇ ಗೇಟಲ್ಲಿ ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ," ಎಂದಳು. "ಅವರನ್ನ ಓದಿಸಿದ ಅಪ್ಪ ಅಮ್ಮ ಇನ್ನೂ ಬದುಕಿದ್ದಾರೇನೇ?"

"ಇರಬೇಕು ಅತ್ತೆ."

"ಪಾಪ. ಅವರಿಗೆ ಗೊತ್ತಾಗೋದು ಬೇಡ." ಆಮೇಲೆ ಕೇಳಿದಳು, "ಇನ್ನೊಂದು ಸಲ ತಡ ಆದ್ರೆ ನಿಜವಾಗ್ಲೂ ತೆಗೆದುಹಾಕ್ತಾರಾ?"

"ಹಾಕ್ತಾರೆ. ಮೂರನೇ ಮಹಡಿಯವಳನ್ನ ಹಾಕಿಲ್ವಾ."

ಮುದುಕಿ ಕಾಲನ್ನು ಮೆಲ್ಲಗೆ ಸೊಸೆಯ ಮಡಿಲಿನಿಂದ ಎಳೆದುಕೊಂಡಳು, ತಾನೇ ಭಾರ ಎಂಬಂತೆ. ಮಹಡಿಯಮ್ಮ ಅದನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ತಿಕ್ಕಿದಳು.

ಮೂರನೆಯ ದಿನ ಬಸ್ಸು ತಡವಾಯಿತು. ಮಹಡಿಯಮ್ಮ ಕಟ್ಟಡ ಮುಟ್ಟಿದಾಗ ಏಳು ದಾಟಿ ಹತ್ತು ನಿಮಿಷ. ಕತೆ ಮುಗಿಯಿತೆಂದು ಸಾಮಾನಿನ ಕೋಣೆಗೆ ಹೋಗಿ ಹಾಜರಿ ಪುಸ್ತಕ ತೆರೆದರೆ ಅವಳ ಸಹಿ ಆಗಲೇ ಅಲ್ಲಿತ್ತು. ಕೆಂಪು ಗೆರೆಗಿಂತ ಒಂಬತ್ತು ಸಾಲು ಮೇಲೆ. ಬಂದ ಸಮಯ: ಆರು ಐವತ್ತು.

ಮೆಟ್ಟಿಲಕ್ಕ ಮೂಲೆಯಲ್ಲಿ ಪೊರಕೆ ಕಟ್ಟುತ್ತಾ ನಿಂತಿದ್ದಳು, ಏನೂ ಗೊತ್ತಿಲ್ಲದವಳಂತೆ.

"ಇದೇನೇ?"

"ನಿಮ್ಮ ಸಹಿ ಬಲು ಸುಲಭ ಅಕ್ಕ. ಕ್ಯಾಂಟೀನಿನವಳದ್ದು ಮಾತ್ರ ಬಾಲ ಜಾಸ್ತಿ, ಎರಡು ದಿನ ಅಭ್ಯಾಸ ಮಾಡಿದೆ."

"ಸಿಕ್ಕಿಬಿದ್ರೆ?"

"ಸಿಕ್ಕಿಬೀಳೋಕೆ ಯಾರಾದ್ರೂ ನೋಡಬೇಕಲ್ಲ. ಮೇಲ್ವಿಚಾರಕ ಏಳರವರೆಗೆ ಚಹಾ ಅಂಗಡೀಲಿ ಇರ್ತಾನೆ. ಬಂದು ಗೆರೆ ಎಳೀತಾನೆ, ತಲೆ ಎಣಿಸಲ್ಲ. ಆ ಮಕ್ಕಳು ಹತ್ತಕ್ಕೆ ಬಂದು ಪುಸ್ತಕ ನೋಡಿ ಬರ್ಕೊಂಡು ಹೋಗ್ತಾರೆ."

ಹನ್ನೊಂದು ವರ್ಷದಲ್ಲಿ ಬಿದ್ದ ಪೆನ್ನೊಂದನ್ನೂ ಮನೆಗೆ ಒಯ್ದವಳಲ್ಲ ಮಹಡಿಯಮ್ಮ. ಸಹಿ ಹೊಡೆದುಹಾಕೋಣವೆಂದು ಪೆನ್ನು ಎತ್ತಿದಳು. ಮಡಿಲಿನಿಂದ ಮೆಲ್ಲಗೆ ಸರಿದ ಆ ಒಣ ಕಾಲು ನೆನಪಾಯಿತು. ಪೆನ್ನು ಕೆಳಗಿಟ್ಟಳು.

ಹೀಗೆ ಎಂಟು ವಾರ ನಡೆಯಿತು. ಹಸಿರು ಚೀಟಿಯ ಎಂಟು ಜನ ಹಳದಿಯ ಎಂಟು ಜನರ ಸಹಿಯನ್ನು ಹಂಚಿಕೊಂಡು ಹಾಕಿದರು. ಹಳದಿಯವರು ಓಡುವುದು ಬಿಟ್ಟು ನಡೆದರು, ಮಂಡಿನೋವು ಸ್ವಲ್ಪ ಇಳಿಯಿತು. ಇದು ಕಾವಲುಗಾರನಿಗೆ ಗೊತ್ತಿತ್ತು, ಕ್ಯಾಂಟೀನಿಗೆ ಗೊತ್ತಿತ್ತು, ಬಹುಶಃ ಮೇಲ್ವಿಚಾರಕನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಅದನ್ನು ಅಧ್ಯಯನ ಮಾಡುತ್ತಿದ್ದವರು ಮಾತ್ರ. ಅವರು ದಿನಾ ಹತ್ತು ಗಂಟೆಗೆ ಪುಸ್ತಕದಿಂದ ಸಮಯ ಇಳಿಸಿಕೊಂಡು ಕಂಪ್ಯೂಟರಿಗೆ ಏರಿಸುತ್ತಿದ್ದರು. ಮಹಡಿಯಮ್ಮನನ್ನು ಎರಡು ಸಲ ಕೂರಿಸಿ ಪ್ರಶ್ನಾವಳಿ ತುಂಬಿಸಿದರು. 'ಪ್ರವೇಶದ ಬಗ್ಗೆ ನಿಮ್ಮ ತೃಪ್ತಿಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ?' ಸೊನ್ನೆ ಎಂದಳು. ಸೊನ್ನೆ ಇಲ್ಲ, ಒಂದರಿಂದ ಶುರು ಎಂದರು. ಆ ಹೊತ್ತಿನಲ್ಲಿ ಒರೆಸಬೇಕಾಗಿದ್ದ ಓಣಿ ಒರೆಸಲಿಲ್ಲವೆಂದು ಮೇಲ್ವಿಚಾರಕನಿಂದ ಬೈಗುಳವೂ ಸಿಕ್ಕಿತು.

ಸೆಮಿಸ್ಟರಿನ ಕೊನೆಗೆ ದೊಡ್ಡ ಸಭಾಂಗಣದಲ್ಲಿ ವರದಿ ಮಂಡನೆ. ಕೆಲಸದವರೆಲ್ಲ ಬರಬೇಕು, ಅವರೇ ಇದರ ಭಾಗೀದಾರರು ಎಂದು ಹೇಳಿ ಕೊನೆಯ ಸಾಲಿನಲ್ಲಿ ಕೂರಿಸಿದರು. ಮುಂದಿನ ಸಾಲಿನಲ್ಲಿ ಮೇಷ್ಟ್ರು, ಅವನ ಪಕ್ಕದಲ್ಲಿ ಕಡತ ಹಿಡಿದ ಆಡಳಿತಾಧಿಕಾರಿ.

ಪರದೆಯ ಮೇಲೆ ಎರಡು ಗೆರೆ ಮೂಡಿದವು, ಒಂದು ಹಸಿರು, ಒಂದು ಹಳದಿ. ಎರಡೂ ಒಂದರ ಹೆಗಲ ಮೇಲೆ ಇನ್ನೊಂದು ಕೈಹಾಕಿದಂತೆ ಎಡದಿಂದ ಬಲಕ್ಕೆ ನಡೆದುಹೋದವು. ಕನ್ನಡಕದ ಹುಡುಗಿ ಕೋಲು ಹಿಡಿದು ತೋರಿಸಿದಳು.

"ಗೇಟಿನ ಮೂಲಕ ಬಂದವರ ಸರಾಸರಿ ಸಮಯ ಆರು ನಲವತ್ತು. ಗೋಡೆ ಸುತ್ತಿ ಬಂದವರ ಸರಾಸರಿಯೂ ಆರು ನಲವತ್ತು. ವ್ಯತ್ಯಾಸ ಇಲ್ಲ."

ಎರಡು ನಿಮಿಷದ ದಾರಿ, ಇಪ್ಪತ್ತೈದು ನಿಮಿಷದ ದಾರಿ, ಒಂದೇ ಬಸ್ಸು. ಎರಡೂ ಕಡೆಯವರು ಒಂದೇ ಗಳಿಗೆಗೆ ಬಂದು ನಿಂತರು. ಇದು ಹೇಗಾಯಿತೆಂದು ಅಷ್ಟು ಜನ ಓದಿದವರಲ್ಲಿ ಒಬ್ಬನೂ ತಲೆ ಕೆರೆದುಕೊಳ್ಳಲಿಲ್ಲ. ಮೇಷ್ಟ್ರು ತೃಪ್ತಿಯಿಂದ ಎದ್ದ. ಪುರಾವೆ ಸಿಕ್ಕಿತ್ತು.

"ನೋಡಿ, ಎಲ್ಲರೂ ಏನಂದುಕೊಂಡಿದ್ರು? ಗೇಟು ತೆಗೆದ್ರೆ ಅನುಕೂಲ ಅಂತ. ದತ್ತಾಂಶ ಬೇರೆನೇ ಹೇಳ್ತಿದೆ. ಆದ್ದರಿಂದ ನಮ್ಮ ಶಿಫಾರಸು, ಆ ಗೇಟನ್ನ ಶಾಶ್ವತವಾಗಿ ಮುಚ್ಚಿ ಗೋಡೆ ಕಟ್ಟೋದು."

ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಹದಿನಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆ ಎದ್ದರೆ ಹಸಿರಿಲ್ಲ, ಹಳದಿಯಿಲ್ಲ. ಮುಂಚೆ ಬಂದು ಯಾರ ಸಹಿಯನ್ನೂ ಯಾರೂ ಹಾಕುವಂತಿಲ್ಲ. ಮುಂದೆ ಒಂದು ದಿನ ಬಸ್ಸು ಮೂರು ನಿಮಿಷ ತಡವಾದರೆ ಮಹಡಿಯಮ್ಮ ಮನೆಗೆ. ನಿಜ ಹೇಳಿದರೆ ಸುಳ್ಳು ಸಹಿಗೆ ಹದಿನಾರು ಜನವೂ ಈವತ್ತೇ ಮನೆಗೆ.

"ಅಕ್ಕ, ಸುಮ್ನಿರಿ," ಎಂದು ಮೆಟ್ಟಿಲಕ್ಕ ಅವಳ ಸೆರಗು ಹಿಡಿದಳು. "ಬಾಯಿ ಬಿಟ್ರೆ ಎಲ್ಲರೂ ಹೋಗ್ತೀವಿ."

"ಸುಳ್ಳೂ ಹೇಳಲ್ಲ, ನಿಜಾನೂ ಹೇಳಲ್ಲ. ಬಿಡೇ," ಎಂದು ಮಹಡಿಯಮ್ಮ ಎದ್ದು ನಿಂತಳು. "ಸಾರ್, ನಾನೊಂದು ಕೇಳ್ಬೋದಾ?"

"ಖಂಡಿತ ಕೇಳಿ. ಭಾಗೀದಾರರ ಧ್ವನಿ ಮುಖ್ಯ," ಎಂದ ಮೇಷ್ಟ್ರು. ಯಾರೋ ಅವಳ ಕೈಗೆ ಮೈಕು ಕೊಡಲು ಓಡಿಬಂದರು. ಅವಳು ಅದನ್ನು ಪಕ್ಕದವಳ ಮಡಿಲಿಗೆ ಹಾಕಿದಳು.

"ಗೇಟು ತೆಗೆದ್ರೂ ಒಂದೇ, ಮುಚ್ಚಿದ್ರೂ ಒಂದೇ. ಹಾಗಂತ ತಾನೇ ನಿಮ್ಮ ವರದಿ?"

"ಹೌದು. ಸರಿಯಾಗಿ ಅರ್ಥ ಮಾಡ್ಕೊಂಡಿದ್ದೀರಿ."

"ಒಂದೇ ಆದ್ರೆ, ತೆಗೆದೇ ಇಡಿ."

ಮೇಷ್ಟ್ರು ಪರದೆಯ ಕಡೆ ಕೈ ತೋರಿಸಿದ. "ಅದು ಹಾಗಲ್ಲ ಅಮ್ಮ. ವ್ಯತ್ಯಾಸ ಕಾಣಲಿಲ್ಲ ಅಂದ್ರೆ, ತೆಗೆಯೋದಕ್ಕೆ ಆಧಾರ ಇಲ್ಲ ಅಂತ."

"ಮುಚ್ಚೋದಕ್ಕೆ ಆಧಾರ ಇದೆಯಾ ಸಾರ್? ಅದಕ್ಕೆ ಪುರಾವೆ ಏನು?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮು ಸಾಲಿನುದ್ದಕ್ಕೂ ಹಬ್ಬಿತು, ಮುಂದಿನ ವಿದ್ಯಾರ್ಥಿಗಳಿಗೂ ಅಂಟಿಕೊಂಡಿತು.

"ಕಾವಲುಗಾರನ ಖರ್ಚು ಇದೆ," ಎಂದ ಮೇಷ್ಟ್ರು.

"ಅವನು ಮುಚ್ಚಿದ ಗೇಟಿಗೂ ಕೂತಿದ್ದ ಸಾರ್. ತೆಗೆದ ಗೇಟಿಗೆ ಕೂತರೆ ಅವನಿಗೂ ನಾಲ್ಕು ಜನರ ಮುಖ ಕಾಣುತ್ತೆ."

ಆಗ ಕುರ್ಚಿಯೊಂದು ನಿಟ್ಟುಸಿರು ಬಿಟ್ಟಿತು. ಆಡಳಿತಾಧಿಕಾರಿ ಎದ್ದಿದ್ದ. ಅವನಿಗೆ ಅವಳ ಮೇಲೆ ಕರುಣೆ ಉಕ್ಕಿತೆಂದೇನೂ ಅಲ್ಲ. ಅವನು ಕಡತ ತಿರುವುತ್ತಾ ತನ್ನದೇ ಒಂದು ಲೆಕ್ಕ ಹಾಕುತ್ತಿದ್ದ.

"ಪ್ರೊಫೆಸರೇ," ಎಂದ, "ಗೋಡೆ ಕಟ್ಟಿಸಬೇಕು ಅಂದ್ರೆ ಟೆಂಡರ್ ಕರೀಬೇಕು. ಎಂಜಿನಿಯರ್ ವಿಭಾಗದ ಒಪ್ಪಿಗೆ ಬೇಕು, ಅಗ್ನಿಶಾಮಕದವರ ಪತ್ರ ಬೇಕು. ಹದಿನೆಂಟು ತಿಂಗಳ ಕೆಲಸ. ನಂಗೆ ಉಳಿದಿರೋದು ಏಳು ತಿಂಗಳು. ತೆಗೆಯೋಕೆ ನಂದೊಂದು ಸಹಿ ಸಾಕು. ಎರಡೂ ಒಂದೇ ಅಂತ ನೀವೇ ಸಾಬೀತು ಮಾಡಿದ್ದೀರಿ, ಸಂತೋಷ." ಜೇಬಿನಿಂದ ಪೆನ್ನು ತೆಗೆದು, ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲೇ ಎರಡು ಸಾಲು ಬರೆದು ಸಹಿ ಹಾಕಿದ. "ಸೋಮವಾರದಿಂದ ತೆಗೀರಿ. ಎಲ್ಲರಿಗೂ."

ಅರ್ಜಿ ಬರೆದಂದಿನಿಂದ ಹನ್ನೊಂದು ವಾರ, ಇಪ್ಪತ್ತೆರಡು ವಿದ್ಯಾರ್ಥಿಗಳು, ನೂರಾ ನಲವತ್ತು ಪುಟದ ವರದಿ. ಆ ಸಹಿ ಹಾಕಲು ಅವನಿಗೆ ಹಿಡಿದದ್ದು ಪೆನ್ನಿನ ಮುಚ್ಚಳ ತೆಗೆದು ಹಾಕುವಷ್ಟು ಹೊತ್ತು.

ಸೋಮವಾರ ಬೆಳಿಗ್ಗೆ ಬಸ್ಸು ಐದು ನಿಮಿಷ ತಡವಾಗಿಯೇ ಬಂತು. ಗೇಟು ಪೂರ್ತಿ ತೆರೆದಿತ್ತು. ಮಹಡಿಯಮ್ಮ ನಿಧಾನವಾಗಿ ನಡೆದು, ಹಾಜರಿ ಪುಸ್ತಕ ಎಳೆದುಕೊಂಡು, ತನ್ನ ಸಹಿಯನ್ನು ತಾನೇ ಹಾಕಿದಳು. ಗಡಿಯಾರ ನೋಡಿ ಸಮಯವನ್ನೂ ಬರೆದಳು: ಆರು ನಲವತ್ತೆರಡು. ಮೆಟ್ಟಿಲಕ್ಕ ಇಣುಕಿ ನೋಡಿ, "ನಾನು ಹಾಕಿದ್ದೇ ಚೆನ್ನಾಗಿತ್ತು," ಎಂದಳು.

ಮಧ್ಯಾಹ್ನ ಓಣಿ ಒರೆಸುತ್ತಿದ್ದಾಗ ಕನ್ನಡಕದ ಹುಡುಗಿ ಬಂದು, ಒದ್ದೆ ನೆಲ ತುಳಿಯದೆ ಗೋಡೆಯ ಪಕ್ಕ ನಿಂತಳು. ಮೇಷ್ಟ್ರು ಈ ಅಧ್ಯಯನವನ್ನು ದೊಡ್ಡ ಸಮ್ಮೇಳನಕ್ಕೆ ಕಳಿಸುತ್ತಾರಂತೆ. ಅಧ್ಯಯನದ ಫಲವಾಗಿ ಗೇಟು ತೆರೆಯಿತು ಎಂದು ಕೊನೆಯಲ್ಲಿ ಸೇರಿಸಿದ್ದಾರಂತೆ. ಇಷ್ಟು ಹೇಳಿಯೂ ಹುಡುಗಿ ಹೋಗಲಿಲ್ಲ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಶನಿವಾರ ನಾನು ಆ ಗೋಡೆ ಸುತ್ತಿ ನಡೆದು ನೋಡಿದೆ. ಇಪ್ಪತ್ತಾರು ನಿಮಿಷ ಆಯ್ತು. ಮತ್ತೆ ಎರಡೂ ಗುಂಪು ಒಂದೇ ಹೊತ್ತಿಗೆ ಹೇಗೆ ಬಂತು?"

ಮಹಡಿಯಮ್ಮ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು.

"ಎಂಟು ವಾರದಲ್ಲಿ ಒಂದು ದಿನ ಆದ್ರೂ ಏಳು ಗಂಟೆಗೆ ಇಲ್ಲಿ ಬಂದಿದ್ಯೇನಮ್ಮ?"

"ಇಲ್ಲ," ಎಂದಳು ಹುಡುಗಿ. "ನಮ್ಮ ಕ್ಲಾಸು ಹತ್ತಕ್ಕೆ."

"ಸರಿ. ಸ್ವಲ್ಪ ಆ ಕಡೆ ನಿಲ್ಲು, ಅಲ್ಲೂ ಒರೆಸಬೇಕು."